ನ್ಯಾನೊವಸ್ತು ಆಧಾರಿತ ಇಮ್ಯುನೊಅಸ್ಸೇ

ನ್ಯಾನೊವಸ್ತು ಆಧಾರಿತ ಇಮ್ಯುನೊಅಸ್ಸೇ ಎಂಬುದು ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕೀಟನಾಶಕ, ಕಳೆನಾಶಕ, ಔಷಧ ಶೇಷ ಮತ್ತು ಪಾಚಿವಿಷಗಳಂತಹ ರಾಸಾಯನಿಕಗಳನ್ನು ಪ್ರತಿಕಾಯಗಳ ನೆರವಿನಿಂದ ಪತ್ತೆಹಚ್ಚುವ ವಿಧಾನ. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ಇದರಲ್ಲಿ ಬಳಸಲಾಗುತ್ತದೆ.

ಹಿನ್ನೆಲೆ

ರೊಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ 1950ರ ದಶಕದಲ್ಲಿ ಇನ್ಸುಲಿನ್ ಅಳೆಯಲು ವಿಕಿರಣಶೀಲ ಗುರುತನ್ನು ಬಳಸುವ ಇಮ್ಯುನೊಅಸ್ಸೇಯನ್ನು ರೂಪಿಸಿದರು. 1971ರಲ್ಲಿ ಬಂದ ಎಲೈಸಾ ವಿಧಾನದಲ್ಲಿ ವಿಕಿರಣದ ಬದಲು ಕಿಣ್ವವನ್ನು ಬಳಸಲಾಯಿತು. ಮುಂದೆ ಇದೇ ತತ್ತ್ವವು ನೀರಿನ ಪರೀಕ್ಷೆಗೂ ಅನ್ವಯವಾಯಿತು. ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕಕ್ಕೆ ಐರೋಪ್ಯ ಒಕ್ಕೂಟದ ಸಾಮಾನ್ಯ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ. ಇಷ್ಟು ಕಡಿಮೆ ಪ್ರಮಾಣವನ್ನು ನೀರಿನ ಮೂಲದ ಬಳಿಯಲ್ಲೇ ಗುರುತಿಸುವುದು ಈ ವಿಧಾನದ ಗುರಿ.

ಕಾರ್ಯತತ್ತ್ವ

ಅಟ್ರಜಿನ್‌ನಂತಹ ಕಳೆನಾಶಕದ ಅಣು ತೀರ ಚಿಕ್ಕದಾದ್ದರಿಂದ ಸಾಮಾನ್ಯವಾಗಿ ಎರಡು ಪ್ರತಿಕಾಯಗಳು ಏಕಕಾಲಕ್ಕೆ ಅದಕ್ಕೆ ಅಂಟಲಾರವು. ಹೀಗಾಗಿ ಸ್ಪರ್ಧಾತ್ಮಕ ಕ್ರಮವನ್ನು ಅನುಸರಿಸಲಾಗುತ್ತದೆ. ಪರೀಕ್ಷಾ ಪಟ್ಟಿಯ ಗೆರೆಯಲ್ಲಿ ಪ್ರೋಟೀನಿಗೆ ಜೋಡಿಸಿದ ಅದೇ ರಾಸಾಯನಿಕವಿರುತ್ತದೆ. ನೀರು ಶುದ್ಧವಾಗಿದ್ದರೆ ಚಿನ್ನದ ಕಣ ಹೊತ್ತ ಪ್ರತಿಕಾಯಗಳು ಅಲ್ಲಿ ಅಂಟಿ ಕೆಂಪು ಗೆರೆ ಮೂಡುತ್ತದೆ. ನೀರಿನಲ್ಲಿ ಮಾಲಿನ್ಯಕಾರಕವಿದ್ದರೆ ಅದು ಪ್ರತಿಕಾಯಗಳನ್ನು ಮೊದಲೇ ಆಕ್ರಮಿಸುವುದರಿಂದ ಗೆರೆ ಮಸುಕಾಗುತ್ತದೆ ಅಥವಾ ಕಾಣುವುದೇ ಇಲ್ಲ. ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೆಂಬುದನ್ನು ಇನ್ನೊಂದು ನಿಯಂತ್ರಣ ಗೆರೆ ತೋರಿಸುತ್ತದೆ.

ನ್ಯಾನೊವಸ್ತುಗಳ ಪಾತ್ರ

* ಚಿನ್ನದ ಕಣಗಳು: ಇವು ಸುಮಾರು 520 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕನ್ನು ಪ್ರಬಲವಾಗಿ ಹೀರಿ ಕೆಂಪಾಗಿ ಕಾಣುತ್ತವೆ, ಫಲಿತಾಂಶವನ್ನು ಬರಿಗಣ್ಣಿನಿಂದಲೇ ಓದಬಹುದು.
* ಕ್ವಾಂಟಮ್ ಚುಕ್ಕೆಗಳು: ಇವುಗಳ ಪ್ರತಿದೀಪ್ತಿ ಪ್ರಖರವಾದುದರಿಂದ ಕಡಿಮೆ ಪ್ರತಿಕಾಯ ಸಾಕಾಗುತ್ತದೆ. ಸ್ಪರ್ಧಾತ್ಮಕ ಕ್ರಮದಲ್ಲಿ ಪ್ರತಿಕಾಯ ಕಡಿಮೆಯಾದಷ್ಟೂ ಅಲ್ಪ ಮಾಲಿನ್ಯವೂ ಸಂಕೇತವನ್ನು ಗಮನಾರ್ಹವಾಗಿ ತಗ್ಗಿಸಬಲ್ಲದು. ಇದರಿಂದ ಸೂಕ್ಷ್ಮತೆ ಹೆಚ್ಚುತ್ತದೆ.
* ಕಾಂತೀಯ ಕಣಗಳು: ಪ್ರತಿಕಾಯ ಲೇಪಿತ ಐರನ್ ಆಕ್ಸೈಡ್ ಕಣಗಳು ಹೆಚ್ಚಿನ ನೀರಿನಿಂದ ಮಾಲಿನ್ಯಕಾರಕವನ್ನು ಹಿಡಿದುಕೊಳ್ಳುತ್ತವೆ. ಅವನ್ನು ಅಯಸ್ಕಾಂತದಿಂದ ಒಂದೆಡೆ ಸೇರಿಸಿ ಮಾದರಿಯನ್ನು ಸಾಂದ್ರಗೊಳಿಸಬಹುದು.

ಮಿತಿಗಳು

ನ್ಯಾನೊವಸ್ತು ಸಂಕೇತವನ್ನು ಬಲಪಡಿಸಿದರೂ ಪರೀಕ್ಷೆಯ ನಿರ್ದಿಷ್ಟತೆ ಪ್ರತಿಕಾಯದ ಗುಣವನ್ನೇ ಅವಲಂಬಿಸಿದೆ. ಅಟ್ರಜಿನ್ ಪ್ರತಿಕಾಯವು ರಚನೆಯಲ್ಲಿ ಹೋಲುವ ಪ್ರೊಪಜಿನ್‌ಗೂ ಅಂಟಬಹುದು. ನೀರಿನ ಲವಣಾಂಶ ಹೆಚ್ಚಿದ್ದರೆ ಚಿನ್ನದ ಕಣಗಳು ಗುಂಪುಗೂಡಿ ಬಣ್ಣ ಬದಲಾಗಬಹುದು. ಹ್ಯೂಮಿಕ್ ಆಮ್ಲವೂ ಪರೀಕ್ಷೆಗೆ ಅಡ್ಡಿಯಾಗಬಹುದು. ಆದ್ದರಿಂದ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಪ್ರಾಥಮಿಕ ತಪಾಸಣೆಯಾಗಿ ಬಳಸಿ, ಮಾಲಿನ್ಯ ಕಂಡುಬಂದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಕ್ರೊಮ್ಯಾಟೊಗ್ರಫಿ ಮತ್ತು ದ್ರವ್ಯರಾಶಿ ರೋಹಿತಮಾಪನದ ಮೂಲಕ ದೃಢಪಡಿಸಿಕೊಳ್ಳಲಾಗುತ್ತದೆ.