ಪಡಿತರ ಪೋರ್ಟಬಿಲಿಟಿ

ಒಂದು ರಾಜ್ಯದ ಪಡಿತರ ಚೀಟಿಯ ಮೇಲೆ ಇನ್ನೊಂದು ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯುವ ವ್ಯವಸ್ಥೆ. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ಎಂದು ಪ್ರಸಿದ್ಧ. ಬೇರೆ ಬೇರೆ ಸರ್ಕಾರಗಳು ಕಲ್ಯಾಣ ನೀತಿಯನ್ನು ಪರಸ್ಪರ ಹೊಂದಿಸಿಕೊಂಡದ್ದಕ್ಕೆ ಭಾರತದಲ್ಲಿ ಇದು ಮುಖ್ಯ ನಿದರ್ಶನ.

ಹಿನ್ನೆಲೆ: ಸರ್ಕಾರಗಳು ಕಲ್ಯಾಣ ನೀತಿಯನ್ನು ಹೀಗೆ ಹೊಂದಿಸಿಕೊಳ್ಳಲು ಐರೋಪ್ಯ ಒಕ್ಕೂಟವು 2000ರ ಮಾರ್ಚ್‌ನಲ್ಲಿ ಲಿಸ್ಬನ್ ಸಭೆಯಲ್ಲಿ ‘ಮುಕ್ತ ಸಮನ್ವಯ ವಿಧಾನ’ವನ್ನು ಒಪ್ಪಿತು. ಬಡತನ ನಿವಾರಣೆ, ಪಿಂಚಣಿಯಂಥ ವಿಷಯಗಳಲ್ಲಿ ಸದಸ್ಯ ದೇಶಗಳು ಸಮಾನ ಗುರಿ ಇಟ್ಟುಕೊಂಡು ಪರಸ್ಪರ ಕಲಿಯುತ್ತವೆ, ತಪ್ಪಿದರೆ ದಂಡವಿಲ್ಲ. ಪಡಿತರದ ಹೊಂದಾಣಿಕೆಗೆ ಭಾರತದಲ್ಲಿ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೇ ಸಮಾನ ತಳಹದಿ. 2019ರ ಆಗಸ್ಟ್‌ನಲ್ಲಿ ಆಂಧ್ರಪ್ರದೇಶ–ತೆಲಂಗಾಣ, ಗುಜರಾತ್–ಮಹಾರಾಷ್ಟ್ರ ಜೋಡಿಗಳಲ್ಲಿ ಆರಂಭವಾದ ಪ್ರಯೋಗಕ್ಕೆ 2020ರ ಜನವರಿಯಲ್ಲಿ ಕರ್ನಾಟಕ, ಗೋವಾ ಸೇರಿದವು. ಜಾರಿಗೊಳಿಸಿದ ರಾಜ್ಯಗಳಿಗೆ ಕೇಂದ್ರ ಅದೇ ವರ್ಷ ಹೆಚ್ಚುವರಿ ಸಾಲದ ಅವಕಾಶ ಕೊಟ್ಟಿತು. 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ದೇಶವೆಲ್ಲ ವ್ಯಾಪಿಸಿತು.

ವಿಜಯಪುರ ಸೀಮೆಯಲ್ಲಿ: ಮಳೆ ಕೈಕೊಟ್ಟಾಗ ಗುಳೆ ಹೋಗುವುದು ಇಲ್ಲಿನ ಹಳೆಯ ಅನಿವಾರ್ಯತೆ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಗಳತ್ತ ಕುಟುಂಬಗಳು ಹೊರಡುತ್ತವೆ. ವಿಜಯಪುರ ನಗರದ ಇಬ್ರಾಹಿಂಪುರದ ಮಗ್ಗುಲಲ್ಲೇ ಮಹಾರಾಷ್ಟ್ರದ ಸೊಲ್ಲಾಪುರದ ಕಡೆಗಿನ ರೈಲು ಹಾದುಹೋಗುತ್ತದೆ. ತಿಕೋಟಾ ತಾಲ್ಲೂಕು ದಾಟಿದರೆ ಅದೇ ರಾಜ್ಯದ, ಕನ್ನಡ ಮಾತಾಡುವ ಜತ್ತ ಸೀಮೆ. ಗಡಿಯಾಚೆಗೆ ಹೋದ ಗಂಡ ಹೆಂಡತಿ ಅಲ್ಲಿನ ಅಂಗಡಿಯಲ್ಲಿ ಚೀಟಿಯ ಅಥವಾ ಆಧಾರ್ ಸಂಖ್ಯೆ ಹೇಳಿ ಇ-ಪಾಸ್ ಯಂತ್ರಕ್ಕೆ ಹೆಬ್ಬೆರಳು ಒತ್ತಿದರೆ ತಮ್ಮ ಪಾಲು ಪಡೆಯಬಹುದು. ಊರಲ್ಲೇ ಉಳಿದ ಮುದುಕರು, ಮಕ್ಕಳ ಪಾಲನ್ನು ಅದೇ ಚೀಟಿಯ ಮೇಲೆ ಊರಿನ ಅಂಗಡಿಯಲ್ಲಿ ಒಯ್ಯಬಹುದು. ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ. 2023ರ ಜನವರಿಯಿಂದ ಉಚಿತ.

ಮಿತಿಗಳು: ಗಡಿ ದಾಟುವುದು ಕೇಂದ್ರ ಕಾಯ್ದೆಯ ಪಾಲು ಮಾತ್ರ, ಅನ್ನಭಾಗ್ಯ ಯೋಜನೆಯಲ್ಲಿ ಕರ್ನಾಟಕ ಸೇರಿಸುವ ಹೆಚ್ಚುವರಿ ಪಾಲು ಅಲ್ಲಿ ಸಿಗದು. ದುಡಿದು ಸವೆದ ಬೆರಳುಗಳ ಗೆರೆಯನ್ನು ಯಂತ್ರ ಗುರುತಿಸದೆ ಹೋಗುವುದೂ ಉಂಟು. ಪಡಿತರದಾಚೆಗೆ ನೋಡಿದರೆ, 1996ರ ಕಾಯ್ದೆಯಡಿ ರಚನೆಯಾದ ಕಟ್ಟಡ ಕಾರ್ಮಿಕ ಕಲ್ಯಾಣ ಮಂಡಳಿಗಳು ರಾಜ್ಯಕ್ಕೊಂದರಂತೆ ಇರುವುದರಿಂದ ಅವುಗಳ ಸೌಲಭ್ಯ ಕಾರ್ಮಿಕನ ಬೆನ್ನಿಗೆ ಸುಲಭವಾಗಿ ಬರುವುದಿಲ್ಲ. ಅಕ್ಕಿಯ ವಿಷಯದಲ್ಲಿ ರಾಜ್ಯಗಳು ಸಾಧಿಸಿ ತೋರಿಸಿದ ಹೊಂದಾಣಿಕೆ ಮಕ್ಕಳ ಶಾಲೆ, ಆರೋಗ್ಯ, ಅಪಘಾತ ಪರಿಹಾರಗಳಿಗೂ ವಿಸ್ತರಿಸಬೇಕಿದೆ. ಗುಳೆ ಹೋಗುವವರ ಹಕ್ಕು ಅವರು ದುಡಿಯುವ ಊರಲ್ಲಿಯೇ ದಕ್ಕಬೇಕು.