ಹಿತ್ತಲ ದಾರಿ

ಕಳೆದ ಶ್ರಾವಣದಲ್ಲಿ ನಮ್ಮ ಅತ್ತೆಯವರು ಹಿತ್ತಲಿನಲ್ಲಿ ಜಾರಿ ಬಿದ್ದರು. ಎಂಬತ್ತೊಂದರ ವಯಸ್ಸು. ಬೆಳಗಿನ ಜಾವ ತುಳಸಿಕಟ್ಟೆಗೆ ನೀರು ಹಾಕಲು ಹೋದವರು ಕೆಸರಿನಲ್ಲಿ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡರು. ಅಡುಗೆಮನೆಯ ಹಿಂಬಾಗಿಲಿನಿಂದ ತುಳಸಿಕಟ್ಟೆ ದಾಟಿ ಬಟ್ಟೆ ಒಗೆಯುವ ಕಲ್ಲಿನವರೆಗಿನ ಆ ಮೂವತ್ತಡಿ ಮಣ್ಣುದಾರಿಗೆ ಏನಾದರೂ ಹಾಸಬೇಕೆಂದು ನಮಗೆಲ್ಲ ಹೊಳೆದದ್ದು ಆಗ.

ಏನು ಹಾಸುವುದು ಎಂಬಲ್ಲಿ ಮನೆ ಎರಡಾಯಿತು. ಬೆಂಗಳೂರಿನಲ್ಲಿರುವ ಮಗ ಯಾವುದೋ ತೋಟದ ಚಿತ್ರ ಕಳಿಸಿ, "ಅಮ್ಮಾ, ಕೆಂಪು ಇಟ್ಟಿಗೆ, ಎರಡೂ ಕಡೆ ಹಸಿರು, ಎಷ್ಟು ಚೆಂದ ನೋಡು" ಎಂದ. ನಮ್ಮ ಯಜಮಾನರು, "ಶಹಾಬಾದ್ ಕಲ್ಲು ಹಾಕಿಸಿಬಿಡೋಣ, ನಮ್ಮ ಕಾಲಕ್ಕೆ ಮತ್ತೆ ನೋಡುವ ಹಾಗಿಲ್ಲ" ಎಂದರು. ಕೊನೆಗೆ ಇಬ್ಬರೂ ನನ್ನನ್ನೇ ಕೇಳಿದರು. ಇತಿಹಾಸದ ಮೇಡಂ ಅಲ್ಲವೇ ನಾನು!

ಅತ್ತೆಯವರ ಮಾತೇ ಬೇರೆ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹಿತ್ತಲಿಗ್ಯಾಕವ್ವಾ ರೊಕ್ಕ? ಅಲ್ಲಿ ಓಡಾಡೋರು ನಾವೇ ಅಲ್ಲೇನು?" ಎಂದರು.

ಇಟ್ಟಿಗೆಯೋ ಕಲ್ಲೋ ಎಂಬ ಪ್ರಶ್ನೆ ಹೊಸದಲ್ಲ. ಸಿಂಧೂ ನಾಗರಿಕತೆಯ ಪಾಠ ಮಾಡುವಾಗ ಮಕ್ಕಳಿಗೆ ಮೊಹೆಂಜೊದಾರೊದ ಇಟ್ಟಿಗೆಯ ಅಳತೆ ಬರೆಸುತ್ತೇನೆ: ದಪ್ಪ ಒಂದು ಪಾಲಾದರೆ ಅಗಲ ಎರಡು ಪಾಲು, ಉದ್ದ ನಾಲ್ಕು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಆ ಊರಿನ ಬಾವಿ, ಚರಂಡಿ, ದೊಡ್ಡ ಸ್ನಾನದ ಕೊಳಗಳನ್ನು ಕಟ್ಟಿದ್ದು ಸುಟ್ಟ ಇಟ್ಟಿಗೆಯಿಂದ. ಅದೇ ನಾಗರಿಕತೆಯ ಜನ ಗುಜರಾತಿನ ಕಚ್ಛ್ ಸೀಮೆಯ ಧೋಲಾವೀರಾದಲ್ಲಿ ಬಹುಮಟ್ಟಿಗೆ ಕಲ್ಲನ್ನೇ ಬಳಸಿದರು. ಅಲ್ಲಿ ನದಿಯ ಮೆಕ್ಕಲು ಮಣ್ಣು, ಇಲ್ಲಿ ಬಂಡೆ. ಕಾಲ ಬುಡದಲ್ಲಿ ನೆಲ ಕೊಟ್ಟದ್ದನ್ನು ಜಾಣತನದಿಂದ ಬಳಸಿಕೊಂಡರು, ಅಷ್ಟೆ.

ನಾವಿರುವುದು ಹೊಸಪೇಟೆಯಲ್ಲಿ. ಇಲ್ಲಿ ಬಂಡೆಗೇನು ಬರವೇ? ಆದರೂ ಮನೆಯ ಚರ್ಚೆ ಮುಗಿಯದೆ ಮಾರ್ಗಶಿರ ಬಂತು. ವಾಡಿಕೆಯಂತೆ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದೆ.

ಎಷ್ಟೋ ಸಲ ನೋಡಿದ ವಿಠ್ಠಲ ದೇವಾಲಯದ ಗೋಪುರವನ್ನು ಈ ಸಲ ಹಿತ್ತಲಿನ ಕಣ್ಣಿನಿಂದ ನೋಡಿದೆ. ಬುಡವೆಲ್ಲ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆ. ಹಳಬರು ಎರಡರಲ್ಲಿ ಒಂದನ್ನು ಆರಿಸಲೇ ಇಲ್ಲ; ಭಾರ ಹೊರುವ ಕಡೆ ಕಲ್ಲು, ಹಗುರಾಗಿ ಏರಬೇಕಾದ ಕಡೆ ಇಟ್ಟಿಗೆ. 1565 ರಲ್ಲಿ ವಿಜಯನಗರ ಬಿದ್ದ ಮೇಲೆ ಈ ಗುಡಿ ಪಾಳುಬಿತ್ತು. ಗೋಪುರದ ಬುಡ ಗಟ್ಟಿಯಾಗಿದೆ, ಇಟ್ಟಿಗೆಯ ತಲೆ ಸವೆದು ಉದುರಿದೆ. ವಿರೂಪಾಕ್ಷನ ಗೋಪುರದ ಮೇಲ್ಭಾಗವೂ ಇಟ್ಟಿಗೆಯದೇ, ಆದರೆ ಇನ್ನೂ ನೆಟ್ಟಗೆ ನಿಂತಿದೆ. ಅಲ್ಲಿ ಪೂಜೆ ನಡೆದಿದೆ, ದುರಸ್ತಿ ಮಾಡಿಸುವವರಿದ್ದಾರೆ. ಇಟ್ಟಿಗೆ ಬಾಳುವುದು ಆರೈಕೆಯಿಂದ ಎಂಬುದು ನನಗೆ ಅಂದು ಮನದಟ್ಟಾಯಿತು.

ಅರಮನೆಗಳ ಕಲ್ಲಿನ ಜಗತಿಗಳನ್ನು ತೋರಿಸುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಮೇಡಂ, ನಮ್ಮಂಥವರ ಮನೆ ಎಲ್ಲಿದ್ದವು?" ಎಂದು ಕೇಳಿದಳು. "ಮಣ್ಣು, ಹುಲ್ಲಿನವು ಕಣಮ್ಮ, ಉಳಿಯಲಿಲ್ಲ" ಎಂದೆ. ಹೇಳಿದ ಮೇಲೆ ನನ್ನ ಮನೆಯೇ ನೆನಪಾಯಿತು. ಮುಂಬಾಗಿಲಿನ ಅಂಗಳಕ್ಕೆ ಮಗಳ ಮದುವೆಯ ವರ್ಷವೇ ಕಲ್ಲು ಹಾಸಿದ್ದೆವು, ಬೀಗರು ನೋಡುತ್ತಾರೆಂದು. ಅತ್ತೆ ಅರವತ್ತಮೂರು ವರ್ಷ ಕೊಡ ಹೊತ್ತು, ಬಟ್ಟೆ ಹೊತ್ತು ನಡೆದ ದಾರಿ ಮಾತ್ರ ಮಣ್ಣಾಗಿಯೇ ಇತ್ತು. ಅದರಲ್ಲಿ ಮೂವತ್ತು ವರ್ಷ ನಾನೂ ನಡೆದಿದ್ದೇನೆ. ನನಗೂ ತೋಚಿರಲಿಲ್ಲ.

ಮನೆಗೆ ಬಂದು ಇಟ್ಟಿಗೆಯನ್ನು ಪರೀಕ್ಷೆಗೆ ಕೂರಿಸಿದೆ. ಒಳ್ಳೆಯ ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಕಂಚಿನಂತೆ ನಾದ ಬರಬೇಕು. ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ತನ್ನ ತೂಕದ ನೂರಕ್ಕೆ 20 ಪಾಲಿಗಿಂತ ಹೆಚ್ಚು ನೀರು ಕುಡಿಯಬಾರದು. ನಾವು ತರಿಸಿದ್ದ ಮೂರು ಕೆಜಿಯ ಇಟ್ಟಿಗೆ ಮರುದಿನ ಮೂರೂಮುಕ್ಕಾಲು ತೂಗಿತು. ಇಷ್ಟು ನೀರು ಕುಡಿಯುವುದನ್ನು ಬಚ್ಚಲ ನೀರು ಹರಿಯುವ ನೆರಳಿನಲ್ಲಿ ಹಾಸಿದರೆ ಪಾಚಿ ಕಟ್ಟದೆ ಇದ್ದೀತೆ? ಅದನ್ನು ಉಜ್ಜುವವರು ಯಾರು ಎಂದು ಕೇಳಬೇಕಿರಲಿಲ್ಲ.

ಹಾಗೆಂದು ಪಾಲಿಶ್ ಮಾಡಿದ ಶಹಾಬಾದ್ ಕಲ್ಲೂ ಬೇಡವೆಂದೆ. ಅದು ಸುಣ್ಣದ ಅಂಶದ ಕಲ್ಲು. ನಿಂಬೆಹುಳಿ, ಹುಣಸೆಹುಳಿ ಬಿದ್ದರೆ ಕಲೆಯಾಗುತ್ತದೆ. ನುಣುಪಾದ ಮೈಗೆ ಸೋಪಿನ ನೀರು ತಾಗಿದರೆ ಎಳೆಯ ಕಾಲೂ ಜಾರುತ್ತದೆ. ನಮ್ಮ ಸೀಮೆಯ ಬಂಡೆಯಿಂದಲೇ ಎಬ್ಬಿಸಿದ, ಉಳಿಯ ಪೆಟ್ಟು ಹಾಗೇ ಉಳಿದಿರುವ ಒರಟು ಚಪ್ಪಡಿಗಳನ್ನು ತರಿಸಿದೆವು. ಕೆಳಗೆ ಮರಳು ಹಾಸಿ, ನೀರು ನಿಲ್ಲದಂತೆ ಒಂದು ಬದಿಗೆ ತುಸು ಇಳಿಜಾರು ಕೊಡಿಸಿದೆವು. ಮಗನ ಆಸೆಗೆ ಎರಡೂ ಅಂಚಿನಲ್ಲಿ ಇಟ್ಟಿಗೆಯನ್ನು ನಿಲ್ಲಿಸಿ ಹೂತದ್ದಾಯಿತು. ಅಲ್ಲಿ ಯಾರ ಕಾಲೂ ಬೀಳುವುದಿಲ್ಲ. ಒಂದೆರಡು ಸವೆದರೆ ಕಿತ್ತು ಬೇರೆ ಇಡಬಹುದು.

ಕೆಲಸ ಮುಗಿದ ಮರುದಿನ ಅತ್ತೆಯವರು ಬರಿಗಾಲಿನಲ್ಲಿ ಆ ತುದಿಯವರೆಗೆ ಹೋಗಿ ಬಂದರು. ಒಂದು ಕೈ ನನ್ನ ಭುಜದ ಮೇಲಿತ್ತು. "ಮಧ್ಯಾಹ್ನ ಕಾಲು ಸುಡ್ತೈತಿ ನೋಡು ಇದು" ಎಂದು ಮೊದಲು ತಪ್ಪು ಹುಡುಕಿದರು. ಆಮೇಲೆ ತುಳಸಿಕಟ್ಟೆಯ ಹತ್ತಿರ ನನ್ನ ಭುಜದಿಂದ ಕೈ ತೆಗೆದು, "ಹೆಜ್ಜಿ ಮಾತ್ರ ನಿಲ್ತೈತಿ" ಎಂದರು.

ಈಗ ಬೆಳಗಿನ ಜಾವ ಅವರು ಒಬ್ಬರೇ ಹೋಗಿ ತುಳಸಿಗೆ ನೀರು ಹಾಕಿ ಬರುತ್ತಾರೆ. ನಾನು ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟು, ಕಿಟಕಿಯಿಂದ ಒಂದು ಕಣ್ಣಿಟ್ಟಿರುತ್ತೇನೆ.