ಮುತ್ತು ಕಟ್ಟಿದ ಬಾಲ್ಯಕ್ಕೆ ಪರಿಹಾರ ಕೊಡೋರು ಯಾರು?

ಹಾಸನಾಂಬೆ ಬಾಗಿಲು ಮುಚ್ಚಿದ ಮೇಲೆ ಏನಾಗುತ್ತೆ ಗೊತ್ತಲ್ವಾ? ಹುಂಡಿ ಎಣಿಕೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಸ್ ಹತ್ತಿ ಬಂದು, ಗಂಟೆಗಟ್ಟಲೆ ಸಾಲಲ್ಲಿ ನಿಂತು ಹಾಕಿದ ದುಡ್ಡನ್ನ ಸರ್ಕಾರಿ ಅಧಿಕಾರಿಗಳ ಎದುರೇ ಎಣಿಸ್ತಾರೆ. ಯಾಕಂದ್ರೆ ಇದು ಮುಜರಾಯಿ ದೇವಸ್ಥಾನ, ಆಡಳಿತ ಸರ್ಕಾರದ್ದು. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಇವತ್ತಿನ ವಿಷಯ ದೇವದಾಸಿ ಪದ್ಧತಿ. ಪಾಠದಲ್ಲಿ "ಸಾಮಾಜಿಕ ಪಿಡುಗು" ಅಂತ ಎರಡು ಸಾಲು ಓದಿ ಮರೆತಿರ್ತೀವಿ. ಆದರೆ ಯೋಚನೆ ಮಾಡಿ: ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ಎಷ್ಟೋ ಜನ ನಮಗಿಂತ ಚಿಕ್ಕ ಹುಡುಗಿಯರು. ನಮ್ಮ ಕಾಲಕ್ಕೆ ಬಂದರೆ ಬಹುಪಾಲು ದಲಿತ ಮನೆಯ ಮಕ್ಕಳು. ಆಮೇಲೆ ಅವರಿಗೆ ಮದುವೆ ಇಲ್ಲ. ಅವರ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ಇವತ್ತಿನ ಕಾನೂನಿನ ಕಣ್ಣಲ್ಲಿ ನೋಡಿದ್ರೆ ಇದು ಸೇವೆ ಅಲ್ಲ, ಮಕ್ಕಳ ಮೇಲಿನ ದೌರ್ಜನ್ಯ.

1909ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಹಾಸನ ಆಗ ಮೈಸೂರು ಸಂಸ್ಥಾನದ ಜಿಲ್ಲೆ, ಹಾಗಾಗಿ ಆದೇಶ ನಮ್ಮೂರಿಗೂ ಅನ್ವಯ. ನಂಜನಗೂಡಿನ ದೇವದಾಸಿಯರು ಇದನ್ನ ವಿರೋಧಿಸಿ ಅರ್ಜಿ ಹಾಕಿದ್ರು. ವಿಚಿತ್ರ ಅನ್ಸುತ್ತಾ? ಅವರ ಜಾಗದಲ್ಲಿ ನಿಂತು ನೋಡಿ. ಚಿಕ್ಕಂದಿನಿಂದ ಬೇರೆ ಬದುಕೇ ಕೊಡದವರು ಈಗ ಇರೋ ಒಂದು ಹಕ್ಕನ್ನೂ ಕಿತ್ಕೊಂಡ್ರೆ, ಮುಂದೆ ಊಟಕ್ಕೇನು?

ಅತ್ತ ಬೊಂಬಾಯಿ ಪ್ರಾಂತ್ಯ 1934ರಲ್ಲಿ, ಮದ್ರಾಸ್ 1947ರಲ್ಲಿ ಕಾನೂನು ತಂದವು. ಆದರೂ ಸವದತ್ತಿ ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟೋದು ನಿಲ್ಲಲಿಲ್ಲ. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ ಜೈಲು, ಹೆತ್ತವರೇ ಮಾಡಿದ್ರೆ 5 ವರ್ಷದವರೆಗೆ. ಅಂದ್ರೆ ಹೆಚ್ಚಿನ ಶಿಕ್ಷೆ ಬಡ ಅಪ್ಪ ಅಮ್ಮನಿಗೆ!

2007-08ರ ಸಮೀಕ್ಷೆ ಹೊತ್ತಿಗೆ 14 ಜಿಲ್ಲೆಗಳ ಪಟ್ಟಿಯಲ್ಲಿದ್ದ ಮಹಿಳೆಯರು 46,660. ಹಾಸನ ಆ 14ರಲ್ಲಿ ಇಲ್ಲ. ಈಗ ಅವರಿಗೆ ಸರ್ಕಾರ ಕೊಡೋ ಮಾಸಿಕ ಪಿಂಚಣಿ 2,000 ರೂಪಾಯಿ. 2025ರಲ್ಲಿ ಹೊಸ ಮಸೂದೆ ಪಾಸಾಯ್ತು. ಮಕ್ಕಳು ತಮ್ಮ ತಂದೆ ಯಾರು ಅಂತ ಗುರುತಿಸಿಕೊಳ್ಳೋಕೆ, ಆಸ್ತಿ ಹಕ್ಕು ಕೇಳೋಕೆ ದಾರಿ ಮಾಡಿತು. ದೊಡ್ಡ ಹೆಜ್ಜೆನೇ.

ಆದರೆ ಪಿಂಚಣಿ ಬೇರೆ, ಪರಿಹಾರ ಬೇರೆ. ಕಷ್ಟದಲ್ಲಿದ್ದೀರಿ ಅಂತ ಕೊಡೋದು ಪಿಂಚಣಿ. ನಮ್ಮಿಂದ ನಿಮಗೆ ಅನ್ಯಾಯ ಆಯ್ತು ಅಂತ ಒಪ್ಪಿ ಕೊಡೋದು ಪರಿಹಾರ.

ಇದೇ ಪ್ರಶ್ನೆ ಐರ್ಲೆಂಡ್‌ಗೂ ಬಂದಿತ್ತು. ಅಲ್ಲಿ ಕ್ಯಾಥೊಲಿಕ್ ಧಾರ್ಮಿಕ ಸಂಘಗಳು ನಡೆಸುತ್ತಿದ್ದ ವಸತಿ ಶಾಲೆಗಳಲ್ಲಿ ಮಕ್ಕಳು ದೌರ್ಜನ್ಯಕ್ಕೆ ಒಳಗಾಗಿದ್ರು. ಮೇಲ್ವಿಚಾರಣೆ ಮಾಡಬೇಕಿದ್ದದ್ದು ಸರ್ಕಾರ. 2002ರಲ್ಲಿ 18 ಸಂಘಗಳು 12.8 ಕೋಟಿ ಯೂರೋ ಕೊಡೋಕೆ ಒಪ್ಪಿದವು. ಒಟ್ಟು ಖರ್ಚು 100 ಕೋಟಿ ಯೂರೋ ದಾಟಿತು, ಹೆಚ್ಚಿನ ಭಾರ ತೆರಿಗೆ ಕಟ್ಟೋ ಜನರ ಮೇಲೇ ಬಿತ್ತು. ನ್ಯಾಯದ ಪಾಲು ಅಲ್ಲ ಅಂತ ಜಗಳ ಆಯ್ತು, ನಿಜ. ಆದರೆ ಧರ್ಮಸಂಸ್ಥೆಯೂ ಪಾಲು ಕೊಡಬೇಕು ಅನ್ನೋದು ಅಲ್ಲಿ ಒಪ್ಪಿತವಾಯ್ತು.

"ಕಾನೂನು ಬಂದ್ಮೇಲೆ ಮುತ್ತು ಕಟ್ಟಿದ್ದು ಮನೇಲಿ, ಗುಟ್ಟಾಗಿ. ದೇವಸ್ಥಾನ ಏನು ಮಾಡಕ್ಕಾಗುತ್ತೆ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಆ ನಂಬಿಕೆ ಬೆಳೆದದ್ದು ದೇವಸ್ಥಾನದ ನೆರಳಲ್ಲೇ. ಈಗ ಮೊದಲಿನ ಮಾತಿಗೆ ಬನ್ನಿ: ಸವದತ್ತಿಯದ್ದೂ ಮುಜರಾಯಿ ದೇವಸ್ಥಾನ. ನಮ್ಮಲ್ಲಿ ಹುಂಡಿ ಕೀಲಿ ಮತ್ತು ಖಜಾನೆ ಕೀಲಿ ಎರಡೂ ಇರೋದು ಸರ್ಕಾರದ ಕೈಲೇ. ಹಾಗಾಗಿ "ಅದು ಅವರ ಜವಾಬ್ದಾರಿ" ಅಂತ ತೋರಿಸೋಕೆ ಇನ್ನೊಬ್ಬರಿಲ್ಲ.

ಮುಂದಿನ ಸಲ ಹುಂಡಿ ಎಣಿಕೆ ಸುದ್ದಿ ನೋಡಿದಾಗ ಆ 46,660 ಜನರನ್ನೂ ನೆನೆಸಿಕೊಳ್ಳಿ. ಯಾವುದೇ ಮಗುವಿಗೆ ಇಂಥದ್ದು ಆಗ್ತಿದೆ ಅಂತ ಗೊತ್ತಾದ್ರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.

ನಿಮಗೇನನ್ಸುತ್ತೆ, ಹುಂಡಿಯಿಂದ ಒಂದು ಪಾಲು ಕೊಡಬೇಕಾ? ಕಾಮೆಂಟಲ್ಲಿ ಬರೀರಿ.

#ಹಾಸನ #ಕರ್ನಾಟಕಇತಿಹಾಸ #ದೇವದಾಸಿಪದ್ಧತಿ